ಮಗಳಿಗೊಂದು ಪತ್ರ: 30 ಮೀಟರ್‌ಗೆ ಇಳಿಯುವ ಮುಂಚೆ

ಪುಟ್ಟಿ,

ನೀನು ಫೋನ್ ಕುಕ್ಕಿದ ಮೇಲೆ ನನ್ನ ಸಿಟ್ಟೂ ಇಳಿಯಿತು. ದನಿ ಜೋರಾಯ್ತು, ಬೇಜಾರು ಮಾಡ್ಕೋಬೇಡ. ಆದರೆ ಹೇಳಿದ ಮಾತು ವಾಪಸ್ ತಗೊಳ್ಳುವುದಿಲ್ಲ.

ಸ್ಕೂಬಾ ಡೈವಿಂಗ್‌ನಲ್ಲಿ 18 ಮೀಟರ್ ಆಳದವರೆಗಿನ ಕಾರ್ಡ್ ಸಿಕ್ಕಿದೆ, ಮುಂದಿನ ವಾರ 30ಕ್ಕೆ ಹೋಗ್ತೀನಿ ಅಂದೆ. ಕೋರ್ಸಿನ ನಿಯಮ ಅಡ್ಡ ಬರುವುದಿಲ್ಲ, ಗೊತ್ತು. ನೀರಲ್ಲಿ ನೀನು ಕೈ ಆಡಿಸದೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ನೋಡಿದ್ದೇನೆ. ವರ್ಷಗಟ್ಟಲೆ ಡೈವ್ ಮಾಡಿದವರಿಗೂ ಅದು ಅಷ್ಟು ಸಲೀಸಾಗಿ ಬರಲ್ಲ.

ನನ್ನ ತಲೆಯಿಂದ ಹೋಗದೇ ಇರುವುದು ಆ ಮಾಸ್ಕ್. ಮುಂದಿದ್ದವರ ಕಾಲಿನ ಫಿನ್ ತಗುಲಿ ಸರಿಯಿತಲ್ಲ, 16 ಮೀಟರ್‌ನಲ್ಲಿ. ಬಲಗೈ ಮಾಸ್ಕ್ ಒತ್ತಿ ಹಿಡಿಯಿತು, ಸರಿ. ಎಡಗೈ? ನೇರ ಜಾಕೆಟ್‌ಗೆ ಗಾಳಿ ತುಂಬುವ ಬಟನ್‌ಗೆ ಹೋಯಿತು. ಒತ್ತಲಿಲ್ಲವಲ್ಲ ಅಂತೀಯ. ನಿಜ, ಒತ್ತಲಿಲ್ಲ. ಮೂಗಿನಿಂದ ಊದಿ ನೀರು ಹೊರಹಾಕಿ ಓಕೆ ಸನ್ನೆ ಮಾಡಿದೆ. ಆದರೆ ಹೆಬ್ಬೆರಳು ಬಟನ್ ಮೇಲೇ ಇತ್ತು. ಆಮೇಲೂ ಎಷ್ಟೋ ಹೊತ್ತು ನಿನ್ನ ಗುಳ್ಳೆಗಳು ಬಿಡುವಿಲ್ಲದೆ ಏರುತ್ತಿದ್ದವು. ಆ ಹೆಬ್ಬೆರಳು ನನಗೆ ಇನ್ನೂ ಕಾಣುತ್ತದೆ.

ಅದೇ 30ರಲ್ಲಿ ಆಗಿದ್ದರೆ? ಅಲ್ಲಿ ಒತ್ತಡ ನೀರಿನ ಮೇಲೆ ಇರುವುದರ ನಾಲ್ಕು ಪಟ್ಟು. ಒಂದೊಂದು ಉಸಿರಿಗೂ ಸಿಲಿಂಡರ್‌ನಿಂದ ನಾಲ್ಕು ಪಟ್ಟು ಗಾಳಿ ಖಾಲಿ. ಗಾಬರಿಯ ಉಸಿರಾದರೆ ಕೇಳಲೇಬೇಡ. ಜೊತೆಗೆ ಆಳದಲ್ಲಿ ಉಸಿರಾಡುವ ಗಾಳಿಯ ನೈಟ್ರೋಜನ್‌ನಿಂದ ಬರುವ ಮಂಪರು. ತಲೆ ಓಡುವುದಿಲ್ಲ, ಆದರೆ ಎಲ್ಲಾ ಸರಿಯಾಗಿದೆ ಅನ್ನಿಸುತ್ತಿರುತ್ತದೆ. ನಿಮಿಷಕ್ಕೆ 9 ಮೀಟರ್ ಲೆಕ್ಕದಲ್ಲಿ 5 ಮೀಟರ್‌ಗೆ ಬರಲು ಸುಮಾರು ಮೂರು ನಿಮಿಷ, ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲಿ ಅಂತ ಅಲ್ಲಿ ನಿಲ್ಲುವ 3 ನಿಮಿಷ ಬೇರೆ. ಅಷ್ಟಕ್ಕೂ ಗಾಳಿ ಉಳಿದಿರಬೇಕು. ಬಟನ್ ಒತ್ತಿ, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶವೇ ಹರಿಯಬಹುದು.

ಪಾಠ ಶುರು ಮಾಡಿಬಿಟ್ಟೆ, ಅಲ್ವಾ? ಇರಲಿ, ಮುಗಿಸಿಬಿಡುತ್ತೇನೆ.

ಎಷ್ಟು ಡೈವ್ ಆಗಿದೆ ಅಂತ ಲೆಕ್ಕ ಒಪ್ಪಿಸಿದೆ. ನಾನು ನೋಡುವುದು ಬೇರೆ. ಯಾರೂ ಕೇಳದೆ ಸಿಲಿಂಡರ್‌ನ ಗಾಳಿ ತೋರಿಸುವ ಗೇಜ್ ನೋಡುತ್ತೀಯಾ? ನೋಡುವ ಮುಂಚೆಯೇ ಎಷ್ಟು ಬಾರ್ ಗಾಳಿ ಉಳಿದಿದೆ ಅಂತ ಅಂದಾಜು ಸಿಗುತ್ತದಾ? ಜೊತೆಯವರೆಲ್ಲ ಇನ್ನೂ ಕೆಳಗೆ ಹೊರಟಾಗ ಹೆಬ್ಬೆರಳು ಎತ್ತಿ, ಮೇಲೆ ಹೋಗೋಣ ಅನ್ನುತ್ತೀಯಾ? ಮೊದಲಿನೆರಡು ನಿನಗೆ ಬರುತ್ತದೆ. ಮೂರನೆಯದನ್ನು ನೀನು ಮಾಡಿದ್ದು ನಾನು ಕಂಡಿಲ್ಲ.

10 ಮೀಟರ್‌ನಲ್ಲಿ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗ ಮಾಸ್ಕ್ ಪೂರ್ತಿ ತೆಗೆದು, ಬಾಯಲ್ಲಿನ ನಳಿಕೆಯಿಂದ ಒಂದು ನಿಮಿಷ ಉಸಿರಾಡಿ, ಮತ್ತೆ ಹಾಕಿಕೋ. ನಿನ್ನ ಎಡಗೈ ಎಲ್ಲಿತ್ತು ಅಂತ ಅವರನ್ನೇ ಕೇಳು. ಅದು ಸರಿಹೋದರೆ 22, 25 ಅಂತ ಮೆಲ್ಲಗೆ ಇಳಿಯಿರಿ. ನಾನು ಬೇಡ ಅನ್ನಲ್ಲ.

ಇನ್ನೊಂದು, ವಾಪಸ್ ವಿಮಾನ ಶನಿವಾರ ಬೆಳಗ್ಗೆ ತಾನೇ? ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು. ಶುಕ್ರವಾರ ಮಧ್ಯಾಹ್ನ ಯಾಕೆ ಡೈವ್ ಇಟ್ಟುಕೊಂಡಿದ್ದೀಯ? ಟಿಕೆಟ್ ನೋಡಿ ತಿಳಿಸು.

ಅಪ್ಪ