ಶನಿವಾರದ ಸರ್ಕಸ್ ಪ್ರದರ್ಶನದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ಬರುವ ಶನಿವಾರ ಸಂಜೆ ಐದಕ್ಕೆ ಶಾಲೆಯ ಮೈದಾನದಲ್ಲಿ ನಮ್ಮ ಸರ್ಕಸ್ ಗುಂಪಿನ ಮಕ್ಕಳ ಪ್ರದರ್ಶನ ಇದೆ. ಚೆಂಡುಗಳ ಆಟ, ಮರಗಾಲು, ಒಂದೇ ಚಕ್ರದ ಸೈಕಲ್, ಮಲ್ಲಕಂಬ, ಕೊನೆಗೆ ಪಿರಮಿಡ್. ಕೆಲವರು ಫೋನ್ ಮಾಡಿ, "ಕಲಿಯಲಿ ಮೇಡಂ, ಬೇಡ ಅನ್ನಲ್ಲ. ಆದರೆ ಜನರ ಮುಂದೆ ಯಾಕೆ? ಬಿದ್ದರೆ ಎಲ್ಲರೂ ನಗಲ್ವಾ?" ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಅಭ್ಯಾಸದ ಕೋಣೆಯಲ್ಲಿ ಮೂರು ಚೆಂಡುಗಳನ್ನು ಲೀಲಾಜಾಲವಾಗಿ ಆಡಿಸುವ ಹುಡುಗಿ ಜನರ ಮುಂದೆ ನಿಂತ ಕೂಡಲೇ ಬೇರೆಯೇ ಆಗಿಬಿಡುತ್ತಾಳೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಚೆಂಡು ಬೇಕಾದ್ದಕ್ಕಿಂತ ಮೇಲೆ ಹಾರುತ್ತದೆ. ತಲೆ ಎತ್ತಿದರೆ ಲೈಟು ಕಣ್ಣಿಗೆ ಹೊಡೆಯುತ್ತದೆ. ಈ ಗಡಿಬಿಡಿಯಲ್ಲಿ ಉಸಿರನ್ನು ಹತೋಟಿಗೆ ತಂದುಕೊಂಡು, ಕೈಯ ಲಯವನ್ನು ಮತ್ತೆ ಹಿಡಿಯುವುದನ್ನು ಯಾವ ಮೇಷ್ಟ್ರೂ ಬಾಯಲ್ಲಿ ಹೇಳಿಕೊಡಲಾರರು. ಎದುರಿಗೆ ಜನ ಕೂತಿರಲೇಬೇಕು.

ಹಾಗಂತ ಸುಮ್ನೆ ವೇದಿಕೆಗೆ ತಳ್ಳಿಬಿಡುವುದೂ ತಪ್ಪು. ಇದಕ್ಕೊಂದು ಮಜವಾದ ಪ್ರಯೋಗ ಇದೆ. ರಾಬರ್ಟ್ ಜಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ಒಂದು ಮಾತು ಹೇಳಿದರು: ಚೆನ್ನಾಗಿ ರೂಢಿಯಾದ ಕೆಲಸವನ್ನು ಯಾರಾದರೂ ನೋಡುತ್ತಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತೇವೆ, ಅರೆಬರೆ ಕಲಿತದ್ದು ಕೆಡುತ್ತದೆ. ಮುಂದೆ 1969ರಲ್ಲಿ ಅವರ ತಂಡ ಇದನ್ನು ಪರೀಕ್ಷಿಸಿದ್ದು ಯಾರ ಮೇಲೆ ಗೊತ್ತಾ? ಜಿರಳೆಗಳ ಮೇಲೆ! ಬೇರೆ ಜಿರಳೆಗಳು ನೋಡುತ್ತಿದ್ದಾಗ ನೇರ ದಾರಿಯಲ್ಲಿ ಅವು ಜಾಸ್ತಿ ವೇಗವಾಗಿ ಓಡಿದವು. ತಿರುವಿನ ದಾರಿಯಲ್ಲಿ ತಡವರಿಸಿದವು. ನಮ್ಮ ಮಕ್ಕಳನ್ನು ಜಿರಳೆಗೆ ಹೋಲಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಕೈಗೆ ಪೂರ್ತಿ ಕೂತ ಪಟ್ಟು ಮಾತ್ರ ವೇದಿಕೆಗೆ ಬರಬೇಕು ಎಂಬ ನಮ್ಮ ನಿಯಮಕ್ಕೆ ಕಾರಣ ಇದೇ. ಮೊದಲು ಮೂರನೇ ತರಗತಿಯ ಮಕ್ಕಳ ಮುಂದೆ, ಆಮೇಲೆ ಇಡೀ ಶಾಲೆಯ ಮುಂದೆ ಆಡಿಸಿದ್ದೇವೆ. ಶನಿವಾರ ನಿಮ್ಮ ಸರದಿ. ನಿಮ್ಮ ಮಗುವಿಗೆ ತುಂಬ ಇಷ್ಟವಾದ ಪಟ್ಟು ಈ ಸಲ ಇಲ್ಲದಿದ್ದರೆ ಬೇಸರ ಬೇಡ.

ಇನ್ನು ಬೀಳುವ ವಿಷಯ. ಚೆಂಡು ಬಿದ್ದೇ ಬೀಳುತ್ತದೆ. ಬಿದ್ದದ್ದನ್ನು ಎತ್ತಿಕೊಂಡು, ಜನರನ್ನು ನೋಡಿ ಒಮ್ಮೆ ನಕ್ಕು, ಮತ್ತೆ ಶುರು ಮಾಡುವುದೂ ಸರ್ಕಸ್ಸಿನ ಪಾಠವೇ. ಮತ್ತೂ ಆಗಲಿಲ್ಲ ಎಂದರೆ ಮುಂದಿನ ಆಟಕ್ಕೆ ಹೋಗಬೇಕು, ಅಳುಮುಖ ಮಾಡಿ ಒಳಗೆ ಓಡಬಾರದು. ಪಿರಮಿಡ್ಡಿನಲ್ಲಿ ಕೆಳಗೆ ನಿಂತ ಹುಡುಗ ಚಪ್ಪಾಳೆಯ ಗದ್ದಲದ ನಡುವೆಯೂ ಮೇಲಿನವನ "ಇಳೀತೀನಿ" ಎಂಬ ಮಾತಿಗೆ ಕಿವಿ ಕೊಟ್ಟಿರಬೇಕು. ಖಾಲಿ ಕೋಣೆಯಲ್ಲಿ ಈ ಕಿವಿ ಬೆಳೆಯುವುದಿಲ್ಲ.

"ಇದೇನು ಡೊಂಬರಾಟ ಕಲಿಸ್ತಿದ್ದೀರಾ?" ಎಂದವರೂ ಇದ್ದಾರೆ. ಹೌದು, ಅದನ್ನೂ ನೋಡಿ ಕಲಿಯುತ್ತಿದ್ದೇವೆ. ಊರ ಬಯಲಿನಲ್ಲಿ, ನೂರು ಕಣ್ಣುಗಳ ಎದುರು ಹಗ್ಗದ ಮೇಲೆ ನಡೆದವರ ವಿದ್ಯೆಯನ್ನು ಬೈಗುಳ ಮಾಡಿಕೊಂಡವರು ನಾವು. ಆದರೆ ಹೊಟ್ಟೆಪಾಡಿಗೆ ಮಕ್ಕಳನ್ನು ಆಡಿಸುವುದು ಬೇರೆ ಮಾತು. ಸರ್ಕಸ್ ಕಂಪನಿಗಳು ಮಕ್ಕಳನ್ನು ದುಡಿಸಿಕೊಳ್ಳಬಾರದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಬೇಕಾಗಿತ್ತು. ನಮ್ಮಲ್ಲಿ ಟಿಕೆಟ್ ಇಲ್ಲ, ತಟ್ಟೆ ಹಿಡಿಯುವುದಿಲ್ಲ. ಒಲ್ಲೆ ಎಂದ ಮಗುವನ್ನು ಒತ್ತಾಯಿಸುವುದಿಲ್ಲ.

ಕಾಂಬೋಡಿಯಾದ ಬಟ್ಟಂಬಾಂಗ್ ಊರಿನಲ್ಲಿ ಫಾರೆ ಪೊನ್ಲು ಸೆಲ್ಪಕ್ ಎಂಬ ಕಲಾಶಾಲೆ ಇದೆ. ಯುದ್ಧ ಕಾಲದ ನಿರಾಶ್ರಿತರ ಶಿಬಿರದಲ್ಲಿ ಚಿತ್ರ ಬಿಡಿಸಲು ಕಲಿತ ಕೆಲವು ಯುವಕರು ಊರಿಗೆ ಮರಳಿ 1994ರಲ್ಲಿ ಅದನ್ನು ಕಟ್ಟಿದರು. ಸರ್ಕಸ್ ಪಾಠ ಆಮೇಲೆ ಸೇರಿತು. ಅಲ್ಲಿನ ವಿದ್ಯಾರ್ಥಿಗಳು ಶಾಲೆಯ ಆವರಣದ ಡೇರೆಯಲ್ಲೇ ಜನರ ಮುಂದೆ ಆಡುತ್ತಾರೆ. ಅಲ್ಲಿ ಪಳಗಿದವರಿಗೆ 2013ರಿಂದ ಅದೇ ದೇಶದ ಸಿಯೆಮ್ ರೀಪ್‌ನಲ್ಲಿ ವೃತ್ತಿ ಪ್ರದರ್ಶನವೂ ಇದೆ. ನಮ್ಮದು ಅಷ್ಟು ದೊಡ್ಡ ಕನಸಲ್ಲ. ಆದರೆ ತರಗತಿಯಲ್ಲಿ ಹೆಸರು ಕೇಳಿದರೂ ತಲೆ ತಗ್ಗಿಸುತ್ತಿದ್ದ ಮಗುವೊಂದು ಮೊನ್ನೆ ಇಡೀ ಶಾಲೆಯ ಮುಂದೆ ಮರಗಾಲಿನಲ್ಲಿ ನಡೆದು ಬಂದದ್ದನ್ನು ನಾನು ಕಣ್ಣಾರೆ ನೋಡಿದೆ.

ನಿಮ್ಮಿಂದ ಬೇಕಾದ್ದು ಇಷ್ಟೇ. ಮಗು ಮಲ್ಲಕಂಬದ ಮೇಲಿರುವಾಗ ಹೆಸರು ಹಿಡಿದು ಕೂಗಬೇಡಿ, ಗಮನ ತಪ್ಪುತ್ತದೆ. ಫೋನಿನ ಫ್ಲ್ಯಾಶ್ ಬೇಡವೇ ಬೇಡ. ಮನೆಗೆ ಹೋದ ಮೇಲೆ "ಯಾಕೆ ಬೀಳಿಸಿದೆ?" ಎಂದು ಕೇಳಬೇಡಿ. "ಬಿದ್ದಾಗ ಏನು ಮಾಡಿದೆ?" ಎಂದು ಕೇಳಿ, ಹೇಳುತ್ತಾರೆ. ಕಂಬದ ಸುತ್ತ ಹಾಸಿಗೆ ಇರುತ್ತದೆ, ಪಕ್ಕದಲ್ಲಿ ಮೇಷ್ಟ್ರೂ ಇರುತ್ತಾರೆ.

ಮಕ್ಕಳು ನಾಲ್ಕು ಗಂಟೆಗೇ ಬರಲಿ, ಹೊಟ್ಟೆ ತುಂಬ ತಿನ್ನಿಸಿ ಕಳಿಸಬೇಡಿ. ಮತ್ತೆ, ಕಂಬಕ್ಕೆ ಹರಳೆಣ್ಣೆ ಹಚ್ಚಿರುತ್ತೇವೆ. ಕಲೆ ಸುಲಭಕ್ಕೆ ಹೋಗಲ್ಲ, ಒಳ್ಳೆಯ ಬಟ್ಟೆ ಹಾಕಿಸಬೇಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ