ಸೀನನಿಗೆ, ಆ ಬಾಗಿಲಿನ ಶಾಟ್ ಬಗ್ಗೆ

ಲೋ ಸೀನ,

ನಿನ್ನ ಹುಡುಗರು ಥ್ರಿಲ್ಲರ್ ಮಾಡ್ತಾರಂತೆ. ಏಳು ನಿಮಿಷ, ಮೂರು ರಾತ್ರಿ, ಅಗ್ರಹಾರದಲ್ಲಿ ಒಂದು ಹಳೇ ಮನೆ, ಒಳಗೆ ಒಬ್ಬಳೇ ಹುಡುಗಿ. ಕೇಳಿ ನಗು ಬಂತು. ಇಷ್ಟು ವರ್ಷದಲ್ಲಿ ಕ್ಯಾಮೆರಾ ಬದಲಾಯಿತು, ಸಾಫ್ಟ್‌ವೇರ್ ಬದಲಾಯಿತು, ಆ ಹುಡುಗಿ ಮಾತ್ರ ಇನ್ನೂ ಒಬ್ಬಳೇ ಮನೆಯಲ್ಲಿದ್ದಾಳೆ. "ಆಗ ನಮ್ಮ ಥ್ರಿಲ್ಲರ್ ಮಾಡುವಾಗ ನಾವು ಎಲ್ಲೆಲ್ಲಿ ಎಡವಿದೆವು ಅಂತ ಬರಿ, ಎಲ್ಲರಿಗೂ ಕಾಣೋ ಹಾಗೆ ಬರಿ, ಹುಡುಗರಿಗೆ ಓದಿಸ್ತೀನಿ" ಅಂದೆಯಲ್ಲ, ಹಳೇ ಹಾರ್ಡ್ ಡಿಸ್ಕ್ ಹುಡುಕಿ ತೆಗೆದು ಕೂತಿದ್ದೇನೆ. ಇದು ಅರ್ಧ ನಿನಗೆ, ಅರ್ಧ ಅವರಿಗೆ. ಬಾಳೆಹಣ್ಣಿನ ವಿಷಯ ಬರೆಯೋದಿಲ್ಲ, ಹೆದರಬೇಡ.

ಮೊದಲು ಕತ್ತಲಿನ ಮಾತು. ರಾತ್ರಿಯ ದೃಶ್ಯ ಅಂದ ತಕ್ಷಣ ಹುಡುಗರು ಲೈಟ್ ಆರಿಸಿಬಿಡುತ್ತಾರೆ, ಆಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸುತ್ತಾರೆ, ಆಮೇಲೆ ಕಪ್ಪು ಗೋಡೆಯ ಮೇಲೆ ರಾಗಿಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ನಾವು 50 ಎಂಎಂ ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕಿನ ಕಿಂಡಿಯನ್ನು, 1.8ಕ್ಕೆ ತೆರೆದಿಟ್ಟು "ಸಿನಿಮಾ ಥರಾನೇ ಇದೆ" ಅಂತ ಕುಣಿದಿದ್ದೆವು, ನೆನಪಿದೆಯಾ? ನಮ್ಮ ಆ ಕ್ಯಾಮೆರಾದ ಸೆನ್ಸರ್‌ಗೆ ಐದಡಿ ದೂರದಲ್ಲಿ 1.8 ಅಂದರೆ ಫೋಕಸ್ ಇರುವ ಜಾಗ ಬರೀ ಎರಡೂವರೆ ಇಂಚು. ಮೂಗು ಸ್ಪಷ್ಟ, ಕಿವಿ ಮಸುಕು. ಅವಳು ಒಂದು ಹೆಜ್ಜೆ ಮುಂದೆ ಬಂದರೆ ಮೂಗೂ ಮಸುಕು. 4ಕ್ಕೆ ಇಳಿಸಿದರೆ ಐದು ಇಂಚಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಆದರೆ ಬೆಳಕು ಐದು ಪಟ್ಟು ಬೇಕು. ಅದನ್ನು ಬಲ್ಬಿನಿಂದಲೇ ತರಬೇಕು, ಐಎಸ್‌ಒದಿಂದಲ್ಲ. ಒಂದು ಬಲವಾದ ಲೈಟನ್ನು ಕಿಟಕಿಯ ಆಚೆ ನಿಲ್ಲಿಸಿ ಸರಳುಗಳ ಮೂಲಕ ಒಳಗೆ ಬಿಡಿ, ಮುಂದೆ ಬಟರ್ ಪೇಪರ್ ಕಟ್ಟಿ. ಎದುರಿಗೆ ಒಂದು ಥರ್ಮಾಕೋಲ್ ಹಲಗೆ ಹಿಡಿದರೆ ಮುಖದ ಇನ್ನೊಂದು ಪಕ್ಕ ಸತ್ತುಹೋಗುವುದಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ಹಳದಿ ಬಲ್ಬ್ ಉರಿಯುತ್ತಿರಲಿ. ಆ ಬಲ್ಬ್ ಇದ್ದರೇನೇ ಉಳಿದದ್ದು ಕತ್ತಲು ಅಂತ ಗೊತ್ತಾಗುವುದು.

ಹೊರಗಿನ ಶಾಟ್‌ಗಳನ್ನು ಮುಸ್ಸಂಜೆಯಲ್ಲಿ ತೆಗೆಯಿರಿ, ಆದರೆ ವಿದೇಶದ ವೀಡಿಯೊ ನೋಡಿ ಒಂದು ಗಂಟೆ ಸಿಗುತ್ತದೆ ಅಂದುಕೊಳ್ಳಬೇಡಿ. ನಮ್ಮ ಕಡೆ ಸೂರ್ಯ ನೆಟ್ಟಗೆ ಇಳಿಯುತ್ತಾನೆ. ಆ ನೀಲಿ ಬೆಳಕು ಹೆಚ್ಚೆಂದರೆ 20-25 ನಿಮಿಷ. ಎರಡು ಶಾಟ್, ಅದೂ ಮಧ್ಯಾಹ್ನವೇ ರಿಹರ್ಸಲ್ ಮುಗಿಸಿದ್ದರೆ. ಮೂರನೆಯದಕ್ಕೆ ಕೈ ಹಾಕಿದರೆ ಎರಡನೆಯದೂ ಕೆಡುತ್ತದೆ. ಅಂಗಳಕ್ಕೆ ಎರಡು ಬಿಂದಿಗೆ ನೀರು ಎರಚಿ. ಒದ್ದೆ ನೆಲ ಬೀದಿದೀಪವನ್ನು ವಾಪಸ್ ಕೊಡುತ್ತದೆ, ಒಣ ನೆಲ ನುಂಗಿಬಿಡುತ್ತದೆ.

ಈಗ ಎಲ್ಲರೂ ಫೋನಲ್ಲೇ ತೆಗೆಯುವುದು. ಒಳ್ಳೆಯದೇ. ಆದರೆ ನಮ್ಮ ಕರೆಂಟು 50 ಹರ್ಟ್ಜ್, ಹಳೇ ಚೋಕಿನ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡ್ ಷಟರ್ ಇಟ್ಟರೆ ಗೋಡೆಯ ಮೇಲೆ ಪಟ್ಟೆಗಳು ಮೆಲ್ಲಗೆ ಸರಿಯುತ್ತವೆ, ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದು ಜೀವ ಹಿಂಡುವ ಕೆಲಸ. 25 ಫ್ರೇಮ್, 1/50 ಇಟ್ಟು ಬೀಗ ಹಾಕಿ. ಎಕ್ಸ್‌ಪೋಷರ್‌ಗೂ ಬೀಗ, ಫೋಕಸ್‌ಗೂ ಬೀಗ. ಇಲ್ಲದಿದ್ದರೆ ಕೊಲೆಗಾರ ಬೆಳಕಿನ ಮುಂದೆ ಹಾದುಹೋದಾಗ ಫೋನು ಗಾಬರಿಯಾಗಿ ಇಡೀ ಕೋಣೆಯನ್ನು ಬೆಳಗಿಸುತ್ತದೆ. ಇನ್ನೊಂದು: ಎಷ್ಟೋ ಫೋನುಗಳು ಫ್ರೇಮಿನ ವೇಗವನ್ನು ತಾವೇ ಏರಿಳಿಸುತ್ತವೆ. ಬೇರೆ ರೆಕಾರ್ಡರಿನ ಶಬ್ದ ಮೊದಲ ನಿಮಿಷ ತುಟಿಗೆ ಹೊಂದುತ್ತದೆ, ಐದನೇ ನಿಮಿಷಕ್ಕೆ ಜಾರಿರುತ್ತದೆ. ಎಡಿಟಿಂಗ್‌ಗೆ ಮೊದಲು ಎಲ್ಲ ಕ್ಲಿಪ್ಪನ್ನೂ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿಗೆ ಹಾಕಿ ಸ್ಥಿರ ವೇಗಕ್ಕೆ ತಂದುಕೊಳ್ಳಿ.

ಓಡುವ ದೃಶ್ಯ ಇದ್ದೇ ಇರುತ್ತದೆ. ಎಡದಿಂದ ಬಲಕ್ಕೆ ಓಡಲು ಶುರು ಮಾಡಿದವಳು ಕೊನೆಯವರೆಗೂ ಹಾಗೇ ಓಡಬೇಕು. ಒಂದೇ ಒಂದು ಶಾಟ್ ಉಲ್ಟಾ ಆದರೆ ಕೊಲೆಗಾರನ ಕಡೆಗೇ ಓಡುತ್ತಿದ್ದಾಳೆ ಅನ್ನಿಸುತ್ತದೆ. ನಮ್ಮದರಲ್ಲಿ ಅನ್ನಿಸಿತು. ಉದ್ದ ಲೆನ್ಸಿನಲ್ಲಿ ಕ್ಯಾಮೆರಾ ಕಡೆಗೆ ಓಡಿಸಿದರೆ ಎಷ್ಟು ಓಡಿದರೂ ಮುಂದೆ ಬಂದ ಹಾಗೆ ಕಾಣುವುದಿಲ್ಲ, ಕನಸಿನಲ್ಲಿ ಓಡಿದ ಹಾಗೆ. ಅಗಲ ಲೆನ್ಸಿನಲ್ಲಿ ನಾಲ್ಕೇ ಹೆಜ್ಜೆಗೆ ಮೈಮೇಲೆ ಬಂದುಬಿಡುತ್ತಾಳೆ. ಯಾವುದು ಬೇಕು ಅಂತ ಮನೆಯಲ್ಲೇ ತೀರ್ಮಾನಿಸಿ. ಒಂದು ರಾತ್ರಿಗೆ ಎಂಟು ಸೆಟಪ್ಪಿಗಿಂತ (ಕ್ಯಾಮೆರಾ, ಲೈಟನ್ನು ಹೊಸದಾಗಿ ಜೋಡಿಸುವುದು) ಹೆಚ್ಚು ಬರೆದುಕೊಳ್ಳಬೇಡಿ, ರಾತ್ರಿ ಎರಡು ಗಂಟೆಯ ನಂತರ ಯಾರ ತಲೆಯೂ ಓಡುವುದಿಲ್ಲ. ಆಟಿಕೆ ಪಿಸ್ತೂಲಿದ್ದರೆ ಠಾಣೆಗೆ ಮೊದಲೇ ಪತ್ರ ಕೊಟ್ಟು ಸಹಿ ಹಾಕಿಸಿದ ಪ್ರತಿ ಜೇಬಲ್ಲಿರಲಿ. ಮಹಡಿಯಿಂದ ನೋಡಿ 112ಕ್ಕೆ ಫೋನ್ ಮಾಡುವವರಿಗೆ ಅದು ಪ್ಲಾಸ್ಟಿಕ್ ಅಂತ ಹೇಗೆ ಗೊತ್ತಾಗಬೇಕು?

ರಕ್ತ. ಅಜ್ಜಿ ಕೊಟ್ಟ ಅರಿಶಿನ-ಸುಣ್ಣದ ಆರತಿ ನೀರು ಬಣ್ಣದಲ್ಲಿ ಚೆನ್ನಾಗಿತ್ತು, ಆದರೆ ನೀರಿನ ಹಾಗೆ ಹರಿಯುತ್ತದೆ, ಸುಣ್ಣ ಇರುವುದರಿಂದ ಮುಖಕ್ಕೆ ಹಚ್ಚಲೇಬಾರದು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಲಿಕ್ವಿಡ್ ಗ್ಲೂಕೋಸ್ ಸಿಗುತ್ತದೆ. ಒಂದು ಕಪ್ಪಿಗೆ ಎರಡು-ಮೂರು ಚಮಚ ಬಿಸಿನೀರು, ಒಂದು ಟೀ ಚಮಚ ಕೆಂಪು ಫುಡ್ ಕಲರ್, ಅರ್ಧ ಟೀ ಚಮಚ ಕೋಕೋ, ಒಂದೇ ಒಂದು ಹನಿ ನೀಲಿ. ಕೋಕೋವನ್ನು ಆ ಬಿಸಿನೀರಲ್ಲೇ ಮೊದಲು ಕದಡಿ, ಇಲ್ಲದಿದ್ದರೆ ಗಂಟಾಗುತ್ತದೆ. ನೀಲಿ ಹಾಕದಿದ್ದರೆ ಟೊಮೆಟೊ ಸಾಸು. ಒಂದೇ ಥರದ ಅಂಗಿ ಮೂರು ಇಟ್ಟುಕೊಳ್ಳಿ, ಕಲೆ ಹೋಗುವುದಿಲ್ಲ. ಅರ್ಧ ಗಂಟೆಗೆ ಇರುವೆ ಬರುತ್ತದೆ. ನಮ್ಮ ಹೆಣ ಎದ್ದು ಕುಣಿದದ್ದು ಯಾಕೆ ಅಂತ ನಿನಗೆ ಗೊತ್ತು, ಹುಡುಗರಿಗೆ ಬೇಡ.

ಚಪ್ಪಲಿಯ ಪಾಠ ಮಾತ್ರ ಹೇಳಲೇಬೇಕು. ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ಎಲ್ಲರಿಗೂ ಗೊತ್ತು: ಮೇಜಿನ ಕೆಳಗಿನ ಬಾಂಬು ದಿಢೀರನೆ ಸಿಡಿದರೆ ನೋಡುವವನಿಗೆ 15 ಸೆಕೆಂಡಿನ ಆಘಾತ, ಬಾಂಬು ಇದೆ ಅಂತ ಮೊದಲೇ ತೋರಿಸಿದರೆ 15 ನಿಮಿಷದ ತಳಮಳ. ನಮ್ಮ ಬಾಂಬು ಹೊಸ್ತಿಲಾಚೆ ಬಿಟ್ಟ ಚಪ್ಪಲಿ. ಉಂಗುಷ್ಟಕ್ಕೆ ಪಿನ್ನು ಹಾಕಿದ ಚಪ್ಪಲಿ, ಮೊದಲ ದೃಶ್ಯದಲ್ಲಿ ಅವನ ಕಾಲಲ್ಲಿದ್ದದ್ದು, ಈಗ ಅವಳ ಮನೆ ಬಾಗಿಲಲ್ಲಿ. ನಮ್ಮ ಊರಿಗೆ ಇದಕ್ಕಿಂತ ಒಳ್ಳೆಯ ಬಾಂಬು ಇಲ್ಲ ಅಂತ ಇವತ್ತಿಗೂ ನನ್ನ ವಾದ. ಆದರೆ ಶಾಟನ್ನು ಆರು ಸೆಕೆಂಡ್ ಹಿಡಿದೆವು. ಎರಡನೇ ಸೆಕೆಂಡಿಗೆ ಹಾಲ್ ಬೆಚ್ಚಿತು, ನಾಲ್ಕನೇ ಸೆಕೆಂಡಿಗೆ ಯೋಚಿಸಿತು, ಐದನೆಯದಕ್ಕೆ ಹಿಂದಿನ ಬೆಂಚಿನಿಂದ "ಕೊಲೆ ಮಾಡೋಕೆ ಬಂದೋನು ಚಪ್ಪಲಿ ಬಿಟ್ಟು ಒಳಗೆ ಹೋಗ್ತಾನೇನ್ರೋ, ಸಂಸ್ಕಾರವಂತ" ಅಂತ ಬಂತು. ಎರಡು ಸೆಕೆಂಡಿಗೆ ಕತ್ತರಿಸಿ. ಯೋಚಿಸಲು ಬಿಟ್ಟರೆ ಯಾವ ಕೊಲೆಗಾರನೂ ಉಳಿಯುವುದಿಲ್ಲ.

ಇನ್ನು ಶಬ್ದ. ಥ್ರಿಲ್ಲರಿನ ಮುಕ್ಕಾಲು ಪಾಲು ಇದೇ, ವಿದ್ಯಾರ್ಥಿಗಳು ಕೊನೆಗೆ ನೆನಪಿಸಿಕೊಳ್ಳುವುದೂ ಇದನ್ನೇ. ಮೈಕು ಬಾಯಿಂದ ಒಂದು-ಎರಡು ಅಡಿಯಲ್ಲಿರಲಿ, ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ. ಮಾತಿನ ಮಟ್ಟ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸು, ಕಿರುಚಾಟಕ್ಕೆ ಬೇರೆ ಟೇಕ್ ಮಾಡಿ ಇನ್ನೂ ಇಳಿಸಿ. ರೇಷ್ಮೆ ಸೀರೆ, ಗಂಜಿ ಹಾಕಿದ ಅಂಗಿ, ಎರಡೂ ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕಿಗೆ ಶತ್ರು. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ, ಆರಿಸಿದವನ ಗಾಡಿ ಕೀ ಫ್ರಿಜ್ಜಿನೊಳಗೇ ಇಡಿ. ಕೀ ಬೇಕಾದಾಗ ಫ್ರಿಜ್ ಮತ್ತೆ ಹಾಕುವುದು ನೆನಪಾಗುತ್ತದೆ. (ಆಗಬೇಕು, ಅಷ್ಟೇ.) ಬೀದಿನಾಯಿಗಳಿಗೆ ಪಾರ್ಲೆ-ಜಿಯನ್ನು ಮೊದಲ ಟೇಕಿಗೆ ಮುಂಚೆಯೇ ಹಾಕಿ. ಬೊಗಳಿದ ಮೇಲೆ ಹಾಕಿದರೆ ಬೊಗಳಿದರೆ ಬಿಸ್ಕತ್ತು ಸಿಗುತ್ತೆ ಅಂತ ಕಲಿಯುತ್ತವೆ.

ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿ. ಅದೇ ರೂಮ್ ಟೋನ್. ಎರಡು ಮಾತಿನ ನಡುವೆ ಏನಾದರೂ ಕತ್ತರಿಸಿದಾಗ ಅಲ್ಲೊಂದು ತೂತು ಬೀಳುತ್ತದೆ, ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಆ ತೂತಿಗೆ ಇದನ್ನು ತುಂಬುವುದು.

ಹುಡುಗರಿಗೆ ಮಾದರಿ ಕಳಿಸೋಣ ಅಂತ ನಮ್ಮ ರೂಮ್ ಟೋನ್ ಹುಡುಕಿದೆ ಕಣೋ. ಸಿಕ್ಕಿತು. ಅದರ ಹಿಂದಿನ ಫೈಲೂ ಸಿಕ್ಕಿತು. ಶಾಟ್ 17, ಟೇಕ್ 4. ಬಾಗಿಲು. ಕಟ್ ಅಂದ ಮೇಲೂ ರೆಕಾರ್ಡರ್ ಓಡುತ್ತಲೇ ಇತ್ತು.

ಆ ಬಾಗಿಲು ಗಾಳಿಗೆ ಬಡಿದದ್ದಲ್ಲ ಸೀನ. ಒಳಗೆ ಒಬ್ಬನನ್ನು ನಿಲ್ಲಿಸಿ, ನಮ್ಮ ಸಿನಿಮಾದ ಹುಡುಗಿ ಚಿಲಕಕ್ಕೆ ಕೈ ಹಾಕುವ ಮೊದಲೇ ಒದೆಯಲು ಹೇಳಿದ್ದು ನಾನು. ನಿನಗೆ ಹೇಳಿದ್ದರೆ ಕ್ಯಾಮೆರಾ ಮೇಲಿನ ನಿನ್ನ ಕೈ ಮೊದಲೇ ಬಿಗಿಯುತ್ತಿತ್ತು, ಅದಕ್ಕೆ ಹೇಳಲಿಲ್ಲ. ಅವಳಿಗೆ ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಆಗ ನನ್ನ ಹತ್ತಿರ ದೊಡ್ಡ ಸಿದ್ಧಾಂತವಿತ್ತು. ಪ್ರದರ್ಶನದ ದಿನ ಯಾರೋ ಕೇಳಿದಾಗ "ಅದು ಪೂರ್ತಿ ಅವಳ ನಟನೆ" ಅಂದು ಚಪ್ಪಾಳೆಯನ್ನೂ ಗಿಟ್ಟಿಸಿದೆ.

ಇಷ್ಟೇ ಆಗಿದ್ದರೆ ಹಳೇ ಕೋತಿಯಾಟ ಅಂತ ಬಿಡಬಹುದಿತ್ತು. ಆದರೆ ಫ್ರೇಮ್ ಫ್ರೇಮಾಗಿ ನೋಡಿದೆ. ನಿಜವಾಗಿ ಬೆಚ್ಚಿದ ಮುಖ ಯಾವ ಕೆಲಸಕ್ಕೂ ಬರುವುದಿಲ್ಲ: ಕಣ್ಣು ಮುಚ್ಚಿರುತ್ತದೆ, ಹೆಗಲು ಕಿವಿಗೆ ಬಂದಿರುತ್ತದೆ, ಕೈ ಅಡ್ಡ. ಅರ್ಧ ಸೆಕೆಂಡ್, ಮುಗಿಯಿತು. ಆ 12 ಫ್ರೇಮನ್ನು ನಾವು ಬಳಸಲೇ ಇಲ್ಲ, ಅಷ್ಟೂ ಮಸುಕು. ಎಲ್ಲರೂ ಹೊಗಳಿದ್ದು ಅದರ ನಂತರದ ನೋಟವನ್ನು. ಅವಳು ಕಣ್ಣು ತೆರೆದು, ಕ್ಯಾಮೆರಾದ ಎಡಕ್ಕೆ ತಿರುಗಿ, ಅಲ್ಲಿದ್ದವನನ್ನು ನೋಡುತ್ತಾಳೆ. ಆ ನೋಟಕ್ಕೆ ನಾವು ಕೊಲೆಗಾರನ ಶಾಟ್ ಅಂಟಿಸಿದೆವು. ರಷ್ಯಾದ ನಿರ್ದೇಶಕ ಕುಲೆಶೋವ್ ನೂರು ವರ್ಷದ ಹಿಂದೆಯೇ ತೋರಿಸಿದ ಆಟ: ಒಂದೇ ಮುಖದ ಪಕ್ಕ ಏನಿಡುತ್ತೀರೋ ಅದನ್ನೇ ಆ ಮುಖ ನೋಡುತ್ತಿದೆ ಅಂತ ಜನ ನಂಬುತ್ತಾರೆ. ಸೆಟ್ಟಿನಲ್ಲಿ ಕ್ಯಾಮೆರಾದ ಎಡಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವನು ನಾನು.

ಶಬ್ದದ ಫೈಲಿನಲ್ಲಿ ಮೊದಲು ನನ್ನ ನಗು ಇದೆ, ಆಮೇಲೆ ಉಳಿದವರದ್ದು. ಆಮೇಲೆ ಅವಳು, ತುಂಬಾ ಮೆಲ್ಲಗೆ, "ಹೇಳಬಹುದಿತ್ತಲ್ವಾ" ಅಂತಾಳೆ. ನಗು ಎಲ್ಲಿ ಶುರುವಾಗುತ್ತದೋ ಸರಿಯಾಗಿ ಅಲ್ಲಿಂದ ಕತ್ತರಿಸಿ ನಾನು ರೂಮ್ ಟೋನ್ ತುಂಬಿದ್ದೇನೆ. ಎಷ್ಟು ನಾಜೂಕಾಗಿ ತುಂಬಿದ್ದೇನೆ ಅಂದರೆ ಹುಡುಕಿದರೂ ಜೋಡಣೆ ಸಿಗುವುದಿಲ್ಲ. ನಮ್ಮ ಇಡೀ ಸಿನಿಮಾದಲ್ಲಿ ತಾಂತ್ರಿಕವಾಗಿ ಒಪ್ಪವಾಗಿರುವ ಜಾಗ ಅದೊಂದೇ.

ನಿನ್ನ ಹುಡುಗರ ಚಿತ್ರಕಥೆಯಲ್ಲೂ ಬಾಗಿಲಿದೆಯಂತೆ. ಹೀಗೆ ಮಾಡಲಿ: ಬಾಗಿಲು ಬಡಿಯುತ್ತದೆ ಅಂತ ಅವಳಿಗೆ ಗೊತ್ತಿರಬೇಕು. ಹಗಲಲ್ಲೇ ರಿಹರ್ಸಲ್ ಆಗಲಿ, ಒದೆಯುವವನನ್ನು ಅವಳೇ ನೋಡಿರಲಿ. ಮೂರು ಎಣಿಸಿದ ಮೇಲೆ, ಹತ್ತು ಎಣಿಸುವುದರೊಳಗೆ ಯಾವಾಗ ಬೇಕಾದರೂ ಬಡಿಯಬಹುದು ಅಂತ ಒಪ್ಪಂದ. ಅವಳು "ಸಾಕು" ಅಂದರೆ ಅಲ್ಲಿಗೆ ಸಾಕು. ಬೆಚ್ಚುವುದನ್ನು ಒಂದೇ ಶಾಟಿನಿಂದ ಕೇಳಬೇಡಿ, ಮೂರಕ್ಕೆ ಹಂಚಿ. ಕ್ಲೋಸಪ್ಪಿನಲ್ಲಿ ಶಾಂತ ಮುಖ, ಶಾಟ್ ಬದಲಾಗುವುದಕ್ಕೆ ಎರಡು ಫ್ರೇಮ್ ಮೊದಲೇ ಬಾಗಿಲಿನ ಸದ್ದು, ದೂರದ ಶಾಟಿನಲ್ಲಿ ಹೆಗಲು ತಿರುಗುವುದು, ಮತ್ತೆ ಕ್ಲೋಸಪ್ಪಿಗೆ ಬರುವಾಗ ಕಣ್ಣು ಆಗಲೇ ತೆರೆದಿರಲಿ. ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಮರದ ಬಾಗಿಲಿನ ಜೊತೆಗೆ ಕಬ್ಬಿಣದ ಟ್ರಂಕಿನ ಮುಚ್ಚಳ ಸೇರಿಸಿದರೆ ಎದೆಗೇ ಬಡಿಯುತ್ತದೆ. ಯಾರಿಗೂ ಸುಳ್ಳು ಹೇಳದೆ ನಮ್ಮದಕ್ಕಿಂತ ಒಳ್ಳೆಯ ಶಾಟ್ ಸಿಗುತ್ತದೆ. ನನಗೆ ಉರಿಯುವುದೂ ಅದಕ್ಕೇ.

ಅವಳಿಗೆ ಬರೆದೆಯಾ ಅಂತ ಕೇಳ್ತೀಯ. ಇಲ್ಲ. ಮೊದಲು ಇಲ್ಲಿ ಬರೆದೆ ನೋಡು, ನಾಲ್ಕು ಜನ ಓದಲಿ ಅಂತ. ಪಶ್ಚಾತ್ತಾಪಕ್ಕೂ ಪ್ರೇಕ್ಷಕರು ಬೇಕು ನನಗೆ. ಸರಿ, ಸಾಕು. ನನ್ನ ಮುಖ ಕ್ಲೋಸಪ್ಪಿಗೆ ಲಾಯಕ್ಕಲ್ಲ ಅಂತ ನೀನೇ ಹೇಳಿದ್ದೆ, ವೈಡ್ ಶಾಟಿಗೆ ಹೋಗೋಣ.

ಪ್ರದರ್ಶನ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ತಾನೇ? ಹಾಗಾದರೆ ಹಿಂದಿನ ದಿನವೇ ಹೋಗಿ ಅದೇ ಪ್ರೊಜೆಕ್ಟರಿನಲ್ಲಿ ಎರಡು ನಿಮಿಷ ಓಡಿಸಿ ನೋಡಲಿ. ಲ್ಯಾಪ್‌ಟಾಪಿನಲ್ಲಿ ಹದವಾಗಿ ಕಂಡ ಕತ್ತಲು ಅಲ್ಲಿ ಬೂದಿ ಬಣ್ಣದ ಪರದೆ ಆಗುತ್ತದೆ, ಅದರಲ್ಲೂ ಒಬ್ಬರು ಮೇಷ್ಟ್ರು ಹಿಂದಿನ ಟ್ಯೂಬ್‌ಲೈಟ್ ಹಾಕಿಯೇ ಇರುತ್ತಾರೆ. ಅಂಥ ಕಡೆಗೆ ನೆರಳನ್ನು ಸ್ವಲ್ಪ ಎತ್ತಿದ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಫೋನಲ್ಲಿ ನೋಡುವವರಿಗೆ ಉಲ್ಟಾ ಸಮಸ್ಯೆ: ನೀವು ಹೆಡ್‌ಫೋನ್ ಹಾಕಿ ಕೂರಿಸಿದ ಆ ಗುಡುಗಿನಂಥ ಮಂದ್ರ ಸದ್ದು ಫೋನಿನ ಸ್ಪೀಕರಿನಿಂದ ಬರುವುದೇ ಇಲ್ಲ. ಅದರ ಮೇಲೆ ಸ್ವಲ್ಪ ಎತ್ತರದ ಸ್ಥಾಯಿಯಲ್ಲಿ ಒಂದು ಗೀರುವ ಸದ್ದು ಸೇರಿಸಿದರೆ ಅಲ್ಲೂ ಕೇಳಿಸುತ್ತದೆ.

ಹಾರ್ಡ್ ಡಿಸ್ಕನ್ನು ಪೋಸ್ಟಲ್ಲಿ ಕಳಿಸೋದಿಲ್ಲ, ನೀನೇ ಬಂದು ತಗೊಂಡು ಹೋಗು. 17/4 ಫೈಲನ್ನು ಹೆಡ್‌ಫೋನ್ ಹಾಕಿ ಕೇಳು, ನಿನ್ನ ನಗು ಅದರಲ್ಲಿಲ್ಲ, ನಾಲ್ಕು ಸಲ ಕೇಳಿ ಖಚಿತ ಮಾಡಿಕೊಂಡೆ. ಬರುವಾಗ ಎರಡು ಪ್ಯಾಕ್ ಪಾರ್ಲೆ-ಜಿ ತಾ, ನಮ್ಮ ಬೀದಿಯಲ್ಲೂ ಐದಾರು ಇವೆ, ಎಲ್ಲವೂ ಪಾಠ ಕಲಿತಿವೆ.

ನಿನ್ನ,
ಪ್ಲಾಸ್ಟಿಕ್ ಕುರ್ಚಿಯವನು

ತಾ.ಕ.: ನಿನ್ನ ಆ ಹೀರೋ ಹೋಂಡಾ ಕೀ ಎಲ್ಲಿ ಹೋಯಿತು ಅಂತ ಇವತ್ತಿಗೂ ಕೇಳ್ತೀಯಲ್ಲ. ಆ ಮನೆಯ ಅಜ್ಜಿ ಫ್ರಿಜ್ ಮಾರಿಬಿಟ್ಟರಂತೆ.