ಪೂರ್ತಿ ಸಿನಿಮಾ ಎಂದು ಹೇಳಿ ಕತ್ತರಿಸಿದ್ದನ್ನು ತೋರಿಸಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು

ಮಾನ್ಯರೇ,

ಕಳೆದ ಶನಿವಾರ ರಾತ್ರಿ ನಿಮ್ಮ ಆ್ಯಪ್‌ನಲ್ಲಿ ‘ಎ ಡರ್ಟಿ ಶೇಮ್’ ನೋಡಲು 149 ರೂಪಾಯಿ ಕಟ್ಟಿದೆ. ಜಾನ್ ವಾಟರ್ಸ್ ಅವರ 2004ರ ಚಿತ್ರ. ‘ಕತ್ತರಿ ಹಾಕಿಲ್ಲ, ವಯಸ್ಕರಿಗೆ ಮಾತ್ರ’ ಎಂದು ನೀವೇ ಬರೆದಿದ್ದಿರಿ. ಪೋಲಿ ಸಿನಿಮಾ ಅಂತ ಗೊತ್ತಿದ್ದೇ ದುಡ್ಡು ಕೊಟ್ಟಿದ್ದು. ಯೋಗ ಕ್ಲಾಸಿನ ಇಬ್ಬರು ಗೆಳತಿಯರು ಬಂದಿದ್ದರು. ಕೋಡುಬಳೆ ಕರಿದಿಟ್ಟು, ಕಿಟಕಿ ಪರದೆ ಎಳೆದು ಕೂತೆವು. ನಮ್ಮ ಗಿರಿನಗರದಲ್ಲಿ ಎದುರುಮನೆಯವರ ಕಣ್ಣು ಸ್ವಲ್ಪ ಜಾಸ್ತಿ ಚುರುಕು.

ಕಥೆ ಇಷ್ಟು: ಅಮೆರಿಕದ ಬಾಲ್ಟಿಮೋರ್ ಊರಿನ ಒಬ್ಬ ಮಧ್ಯವಯಸ್ಸಿನ ಗೃಹಿಣಿ. ಗಂಡ ಹತ್ತಿರ ಬಂದರೆ ಸಿಡುಕು. ತಲೆಗೆ ಪೆಟ್ಟು ಬಿದ್ದದ್ದೇ ತಡ, ಆಸೆ ಕೆರಳಿ ಬೀದಿಗಿಳಿಯುತ್ತಾಳೆ. ಬಿಗ್ ಎಥೆಲ್ ಎಂಬ ಅಜ್ಜಿ ಮರ್ಯಾದಸ್ಥರನ್ನೆಲ್ಲ ಸೇರಿಸಿ ಸಭೆ ಕರೆಯುತ್ತಾಳೆ. ಇವರಿಗೆ ಚಿತ್ರದಲ್ಲಿ ‘ನ್ಯೂಟರ್’, ಅಂದರೆ ಆಸೆಯೇ ಇಲ್ಲದವರು, ಎಂದೇ ಹೆಸರು. ನಗು ಇರುವುದೇ ಇವರ ಮೇಲೆ. ಆದರೆ ನಾವು ನಗುವಷ್ಟರಲ್ಲಿ ದೃಶ್ಯವೇ ಜಿಗಿಯುತ್ತಿತ್ತು. ತುಟಿಗೂ ಮಾತಿಗೂ ತಾಳೆ ಇಲ್ಲ. ಅಮೆರಿಕದಲ್ಲಿ ಎನ್‌ಸಿ-17 ದರ್ಜೆ (17 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ) ಪಡೆದ ಈ ಚಿತ್ರಕ್ಕೆ ಸಪ್ಪೆ ಮಾಡಿದ ‘ನ್ಯೂಟರ್ ವರ್ಷನ್’ ಕೂಡ ಇದೆ. ನೀವು ತೋರಿಸಿದ್ದು ಅದೇ ಇರಬೇಕು.

ಸಹಾಯವಾಣಿಗೆ ಫೋನ್ ಮಾಡಿದೆ. ‘ಸೆನ್ಸಾರ್‌ನವರು ಕಟ್ ಮಾಡಿರ್ತಾರೆ’ ಎಂದ ಹುಡುಗ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಸೆನ್ಸಾರ್ ಪ್ರಮಾಣಪತ್ರ ಚಿತ್ರಮಂದಿರಕ್ಕೆ ಬೇಕು, ನಿಮಗಲ್ಲ. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮದ ಪ್ರಕಾರ ವಯಸ್ಸಿನ ದರ್ಜೆ ಕೊಡುವವರು ನೀವೇ. ಇದಕ್ಕೆ ‘ಎ’ ಕೊಟ್ಟು, ನನ್ನ ಹುಟ್ಟಿದ ದಿನಾಂಕವನ್ನೂ ಹಾಕಿಸಿಕೊಂಡಿದ್ದೀರಿ. ನನಗೆ 61 ವರ್ಷ. ಸಾಲದೇ?

ಸಾಲದು ಅಂತ ಕಾಣುತ್ತೆ. ‘ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮಾ, ಒಳ್ಳೆ ಭಕ್ತಿ ಸಿನಿಮಾ ಕಳಿಸ್ತೀನಿ’ ಎಂದ. ಕಳಿಸಿಯೂ ಬಿಟ್ಟ! ಹುಡುಗನನ್ನು ಬೈಯಬೇಡಿ, ದನಿಯಲ್ಲಿ ಕಾಳಜಿಯೇ ಇತ್ತು. ಆದರೆ ನಾನು ಕೇಳಿದ್ದು ನಾನು ದುಡ್ಡು ಕೊಟ್ಟ ಸಿನಿಮಾ. ಬ್ಯಾಂಕಿನಲ್ಲಿ 34 ವರ್ಷ ಕೌಂಟರ್‌ನಲ್ಲಿ ಕೂತವಳು ನಾನು. ದುಡ್ಡು ತೆಗೆಯಲು ಬಂದವರನ್ನು ಯಾವತ್ತೂ ‘ಯಾಕೆ’ ಎಂದು ಕೇಳಲಿಲ್ಲ.

ಕತ್ತರಿಸದ ಚಿತ್ರ ಕೊಡಿ, ಇಲ್ಲ 149 ರೂಪಾಯಿ ವಾಪಸ್ ಮಾಡಿ. ಆ ಸುಳ್ಳು ವಿವರವನ್ನೂ ತೆಗೆಯಿರಿ. 15 ದಿನದೊಳಗೆ ನಿರ್ಧಾರ ತಿಳಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಸಾಧ್ಯವಾದರೆ ಶುಕ್ರವಾರವೇ ಹೇಳಿ. ಶನಿವಾರ ಗೆಳತಿಯರು ಮತ್ತೆ ಬರುತ್ತಾರೆ, ಕೋಡುಬಳೆಗೆ ಹಿಟ್ಟು ಕಲೆಸಬೇಕು.

ಇಂತಿ,
ನಿಮ್ಮ ಚಂದಾದಾರಳು
ಗಿರಿನಗರ, ಬೆಂಗಳೂರು